ಕಾಗೆ ಕೊಂಡೊಯ್ದ ನಿಪ್ಪಲ್

ಎರಡು ವರ್ಷದ ಮಗುವಿರುವ ಮನೆಯಲ್ಲಿ ಕಾಗೆಗೆ ಬಿಡುವಿರುವುದಿಲ್ಲ. ಮಗು ಕತ್ತರಿ ಕೇಳಿದರೆ ಅದನ್ನು ಕಾಗೆ ಕೊಂಡೊಯ್ದಿರುತ್ತದೆ. ಮೂರನೆಯ ಚಾಕಲೇಟು ಕೇಳಿದರೆ ಅದೂ ಕಾಗೆಯ ಪಾಲಾಗಿರುತ್ತದೆ. ಹುಟ್ಟಿದ ಕೆಲವೇ ವಾರಗಳಿಂದ ಬಾಯಲ್ಲಿದ್ದ ನಿಪ್ಪಲ್ ಒಂದು ದಿನ ಇದ್ದಕ್ಕಿದ್ದಂತೆ ಕಾಣೆಯಾದಾಗ ಆ ಕಳವಿನ ಆರೋಪವೂ ಬಡಪಾಯಿ ಕಾಗೆಯ ತಲೆಗೇ ಬರುತ್ತದೆ. ಮಗು ಕಿಟಕಿಯ ಸರಳು ಹಿಡಿದು ನಿಂತು ಆಕಾಶವನ್ನು ನೋಡುತ್ತದೆ. ದೊಡ್ಡವರು ಪರಸ್ಪರ ಮುಖ ನೋಡಿ ನಗುತ್ತಾರೆ.

ಈ ನಗುವಿನಲ್ಲಿ ಕೆಟ್ಟದ್ದೇನೂ ಇಲ್ಲವೆಂದು ನಾವೆಲ್ಲ ತಿಳಿದಿದ್ದೇವೆ. ಮಕ್ಕಳಿಗೆ ಹೇಳುವ ಸುಳ್ಳನ್ನು ನಾವು ಸುಳ್ಳಿನ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ವ್ಯಾಪಾರದಲ್ಲಿ ಒಂದು ರೂಪಾಯಿಯ ಮೋಸ ಮಾಡಲು ಅಂಜುವ ಗೃಹಸ್ಥರು ಸಹ ಮಗುವಿನ ಮುಂದೆ ದಿನಕ್ಕೆ ಹತ್ತು ಸುಳ್ಳನ್ನು ನಿರಾತಂಕವಾಗಿ ಹೇಳುತ್ತಾರೆ. ಆದರೆ ನಿಪ್ಪಲ್ ಬಿಡಿಸುವ ವಿಷಯ ಕತ್ತರಿ, ಚಾಕಲೇಟುಗಳಷ್ಟು ಸರಳವಲ್ಲ. ಆ ಮಗುವಿನ ಮಟ್ಟಿಗೆ ಲೋಕದಲ್ಲಿ ಅದಕ್ಕಿಂತ ಪ್ರಿಯವಾದ ವಸ್ತು ಇನ್ನೊಂದಿಲ್ಲ. ನಿದ್ದೆ ಬರುವುದು ಅದರಿಂದ, ಬಿದ್ದಾಗ ನೋವು ಮರೆಯುವುದು ಅದರಿಂದ, ಅಮ್ಮ ಕಣ್ಣಿಗೆ ಕಾಣದಿದ್ದಾಗ ಧೈರ್ಯ ತಂದುಕೊಳ್ಳುವುದೂ ಅದರಿಂದಲೇ. ಇಂಥದ್ದನ್ನು ಕಿತ್ತುಕೊಳ್ಳುವ ಹಕ್ಕು ನಮಗೆ ಎಲ್ಲಿಂದ ಬಂತು? ಹಕ್ಕು ಇದೆಯೆಂದೇ ಇಟ್ಟುಕೊಳ್ಳೋಣ, ಅದರ ಜೊತೆಗೆ ಸುಳ್ಳು ಹೇಳುವ ಹಕ್ಕೂ ಉಚಿತವಾಗಿ ಬರುತ್ತದೆಯೇ?

ಈ ವಸ್ತುವಿಗೆ ಕನ್ನಡದಲ್ಲಿ ಸ್ವಂತ ಹೆಸರೊಂದು ಇನ್ನೂ ನೆಲೆಯೂರಿಲ್ಲ. ಔಷಧದಂಗಡಿಯಲ್ಲಿ ನಿಪ್ಪಲ್ ಬೇಕೆಂದರೆ, ಹಾಲಿನ ಬಾಟಲಿಗೋ ಬರೀ ಚೀಪಲಿಕ್ಕೋ ಎಂದು ಅಂಗಡಿಯವನು ತಿರುಗಿ ಕೇಳುತ್ತಾನೆ. ಅಮೆರಿಕದವರು ಇದನ್ನು ಪೆಸಿಫೈಯರ್ ಎನ್ನುತ್ತಾರೆ, ಅಂದರೆ ಶಾಂತಗೊಳಿಸುವಂಥದ್ದು. ಬ್ರಿಟನ್ನಿನಲ್ಲಿ ಇದು ಡಮ್ಮಿ, ಅಂದರೆ ನಕಲಿ. ಕೆನಡಾದವರಿಗೆ ಸೂದರ್, ಸಂತೈಸುವಂಥದ್ದು. ಗಲ್ಫಿನಿಂದ ಬರುವ ನಮ್ಮ ಕರಾವಳಿಯ ಸೋದರರ ಪೆಟ್ಟಿಗೆಯಲ್ಲಿ ಚಾಕಲೇಟು, ಅತ್ತರುಗಳ ನಡುವೆ ಇದೂ ಇರುತ್ತದೆ. ಅಲ್ಲಿನ ಅರಬರು ಇದಕ್ಕೆ 'ಲಹ್ಹಾಯ' ಎನ್ನುವುದುಂಟು. ಗಮನವನ್ನು ಬೇರೆಡೆಗೆ ಸೆಳೆದು ಮರೆಸುವಂಥದ್ದು ಎಂದು ಆ ಪದದ ಮೂಲದಲ್ಲಿರುವ ಅರ್ಥ. ಒಂದೇ ವಸ್ತುವಿನ ಬಗ್ಗೆ ನಾಲ್ಕು ಸಾಕ್ಷಿಗಳು ನಾಲ್ಕು ಹೇಳಿಕೆ ಕೊಟ್ಟಂತಿದೆ. ವಿಚಿತ್ರವೆಂದರೆ ನಾಲ್ಕೂ ನಿಜ. ಅದು ಶಾಂತಿ ತರುತ್ತದೆ, ಅದು ನಕಲಿ, ಅದು ಸಂತೈಸುತ್ತದೆ, ಮತ್ತು ಅದು ಮರೆಸುತ್ತದೆ. ಆದರೆ ಈ ಹೆಸರುಗಳಲ್ಲಿ ಒಂದು ಮಾಹಿತಿ ಬಿಟ್ಟುಹೋಗಿದೆ. ಶಾಂತಿ ಯಾರಿಗೆ?

ಮಗುವಿಗೆ ಎಂದು ನಾವು ಥಟ್ಟನೆ ಹೇಳುತ್ತೇವೆ. ಅದರಲ್ಲಿ ಸತ್ಯವೂ ಇದೆ. ಚೀಪುವುದು ಮಗು ಕಲಿತ ದುರಭ್ಯಾಸವಲ್ಲ, ಹುಟ್ಟುವ ಮೊದಲೇ ಬಂದ ಸಾಮರ್ಥ್ಯ. ಗರ್ಭದಲ್ಲಿರುವ ಶಿಶು ಬೆರಳು ಚೀಪುವುದನ್ನು ಸ್ಕ್ಯಾನಿಂಗಿನಲ್ಲಿ ನೋಡಬಹುದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸೂಜಿ ಚುಚ್ಚುವಾಗ ನಿಪ್ಪಲ್ ಕೊಟ್ಟರೆ ನೋವಿನ ಸಂಕಟ ತಗ್ಗುತ್ತದೆ. ನಿದ್ದೆಯಲ್ಲಿ ಕಾರಣ ತಿಳಿಯದೆ ಶಿಶುಗಳು ಸಾವಿಗೀಡಾಗುವ ಅಪಾಯ ಇದರಿಂದ ಕಡಿಮೆಯಾಗುತ್ತದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರಲ್ಲಿ, ಮಲಗುವ ವೇಳೆಯಲ್ಲಿ ಅದನ್ನು ಕೊಡುವ ಬಗ್ಗೆ ಯೋಚಿಸಬಹುದು ಎಂದಿತು. ಎದೆಹಾಲು ಕುಡಿಯುವುದು ಚೆನ್ನಾಗಿ ರೂಢಿಯಾದ ಮೇಲೆ ಮಾತ್ರ ಎಂಬ ಷರತ್ತನ್ನೂ ಹಾಕಿತು. ಆದ್ದರಿಂದ ನಿಪ್ಪಲ್ ಕೊಟ್ಟ ತಾಯಿಯನ್ನು ಅಪರಾಧಿಯಂತೆ ನೋಡುವ ಹಿರಿಯರು ಸ್ವಲ್ಪ ನಿಧಾನಿಸುವುದು ಒಳ್ಳೆಯದು.

ಆದರೆ ಇತಿಹಾಸ ಬೇರೊಂದು ಉತ್ತರವನ್ನೂ ಕೊಡುತ್ತದೆ. ರಬ್ಬರ್ ಬರುವ ಮೊದಲು ಯುರೋಪಿನಲ್ಲಿ ಬಟ್ಟೆಯ ಚೂರಿಗೆ ಸಕ್ಕರೆಯನ್ನೋ ಬ್ರೆಡ್ಡನ್ನೋ ಹಾಕಿ ಗಂಟು ಕಟ್ಟಿ ಮಗುವಿನ ಬಾಯಿಗೆ ಕೊಡುತ್ತಿದ್ದರು. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1506ರಲ್ಲಿ ರಚಿಸಿದ ಮೇರಿ ಮತ್ತು ಬಾಲಯೇಸುವಿನ ಚಿತ್ರದಲ್ಲಿ ಮಗುವಿನ ಕೈಯಲ್ಲಿ ಇಂಥದೊಂದು ಗಂಟು ಕಾಣುತ್ತದೆ. ಕೆಲವೊಮ್ಮೆ ಆ ಗಂಟನ್ನು ಮದ್ಯದಲ್ಲಿ ಅದ್ದುವುದೂ ಇತ್ತು. 1849ರಿಂದ ಅಮೆರಿಕದ ಮಾರುಕಟ್ಟೆಯಲ್ಲಿದ್ದ 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್' ಎಂಬ ಹೆಸರಾಂತ ಔಷಧದಲ್ಲಿ ಇದ್ದುದು ಮಾರ್ಫಿನ್. ನಮ್ಮ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೆಲಸಕ್ಕೆ ಹೋಗುವ ಮುನ್ನ ಮಗುವಿಗೆ ಅಫೀಮು ಬೆರೆತ 'ಬಾಲಗೋಲಿ' ಕೊಟ್ಟು ಮಲಗಿಸುತ್ತಿದ್ದುದು 20ನೇ ಶತಮಾನದ ಆರಂಭದ ವರದಿಗಳಲ್ಲಿ ದಾಖಲಾಗಿದೆ. ಆ ಮಗು ಅತ್ತರೆ ನೋಡುವವರಿರಲಿಲ್ಲ. ತಾಯಿ ಕೆಲಸ ಬಿಟ್ಟರೆ ಅಂದಿನ ಊಟವಿರಲಿಲ್ಲ. ಗಿರಣಿಯ ಮಾಲೀಕನಿಗೆ ಬೇಕಾಗಿದ್ದ ಶಾಂತಿಯನ್ನು ಒಂದು ಹಸುಗೂಸು ತನ್ನ ಮೈಯಿಂದ ತೆತ್ತಿತು. ಇದರ ಮುಂದೆ ನ್ಯೂಯಾರ್ಕಿನ ಔಷಧ ವ್ಯಾಪಾರಿ ಕ್ರಿಶ್ಚಿಯನ್ ಮೈನೆಕೆ 1900ರಲ್ಲಿ ಪೇಟೆಂಟ್ ಪಡೆದ ರಬ್ಬರಿನ ನಿಪ್ಪಲ್ ನಿಜಕ್ಕೂ ನಿರುಪದ್ರವಿ. ಆದರೂ ವಂಶ ಒಂದೇ. ಅಳುವ ಮಗುವಿನ ಬಳಿ ಕೂರಲು ಆಗದ, ಅಥವಾ ಮನಸ್ಸಿಲ್ಲದ ಲೋಕ ಕಂಡುಕೊಂಡ ಉಪಾಯಗಳ ವಂಶ ಅದು.

ಹೀಗಿರುವಾಗ ನಿಪ್ಪಲನ್ನು ಬಾಯಿಗೆ ಇಟ್ಟವರು ನಾವೇ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಮಗು ಅಂಗಡಿಗೆ ಹೋಗಿ ಕೊಂಡು ತರಲಿಲ್ಲ. ಅರ್ಧ ಶಾಂತಿ ಅದರದು, ಅರ್ಧ ನಮ್ಮದು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನೆಂಟರು ಬಂದಾಗ, ರಾತ್ರಿ ಎರಡು ಗಂಟೆಗೆ ಅದು ನಮ್ಮ ಮಾನವನ್ನೂ ನಿದ್ದೆಯನ್ನೂ ಕಾಪಾಡಿದೆ. ಎರಡು ವರ್ಷ ಹೀಗೆ ಪಾಲುದಾರರಾಗಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಅದೆಲ್ಲ ಮಗುವಿನ ಚಟ ಎಂದು ಹೆಸರಿಡುವುದು ನ್ಯಾಯವಲ್ಲ.

ಹಾಗಾದರೆ ಬಿಡಿಸುವುದೇ ತಪ್ಪೇ? ಅಲ್ಲ. ವರ್ಷಗಟ್ಟಲೆ ಚೀಪುವ ಮಕ್ಕಳಲ್ಲಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳು ಒಂದನ್ನೊಂದು ಮುಟ್ಟದೆ ನಡುವೆ ಕಿಂಡಿ ಉಳಿಯುತ್ತದೆ, ಮೇಲ್ದವಡೆ ಕಿರಿದಾಗುತ್ತದೆ. ಕಿವಿಯ ಸೋಂಕು ಹೆಚ್ಚುವುದೂ ಕಂಡುಬಂದಿದೆ. ಮೂರು ವರ್ಷದೊಳಗೆ ಬಿಟ್ಟರೆ ಹಲ್ಲಿನ ದೋಷ ಎಷ್ಟೋ ಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ ಎಂಬುದು ದಂತವೈದ್ಯರ ಅನುಭವ. ಎರಡು ವರ್ಷದ ಮಗುವಿಗೆ ತನ್ನ ಏಳನೆಯ ವರ್ಷದ ಹಲ್ಲು ಕಾಣಲಾರದು. ಕಾಣುವವರು ನಾವು. ಕಾಣದವನ ಪರವಾಗಿ ಕಾಣುವವನು ನಿರ್ಧರಿಸುವುದರಲ್ಲಿ ದಬ್ಬಾಳಿಕೆಯಿಲ್ಲ, ಅದು ಹೊಣೆ. ಆದರೆ ಆ ಹೊಣೆಗೆ ಒಂದು ಗಡಿಯಿದೆ: ತೀರ್ಮಾನ ಮಗುವಿನ ಒಳಿತಿಗಾಗಿ ಇರಬೇಕು.

ನಮ್ಮ ಮನೆಗಳಲ್ಲಿ ಎಷ್ಟು ಸಲ ಹಾಗಿರುತ್ತದೆ? ನಿಪ್ಪಲ್ ಬಿಡಿಸುವ ಅವಸರ ಹುಟ್ಟುವುದು ಹೆಚ್ಚಾಗಿ ದಂತವೈದ್ಯರ ಕೊಠಡಿಯಲ್ಲಲ್ಲ, ಮದುವೆ ಹಾಲಿನಲ್ಲಿ. ಯಾರೋ ದೂರದ ಚಿಕ್ಕಮ್ಮ, "ಇಷ್ಟು ದೊಡ್ಡವನಾದರೂ ಇನ್ನೂ ಬಿಡಲಿಲ್ಲವಾ ಮಾರಾಯ್ತಿ?" ಎಂದು ಕೇಳಿದ ದಿನವೇ ಸೊಸೆಯ ಮೇಲೆ ಒತ್ತಡ ಶುರುವಾಗುತ್ತದೆ. ನರ್ಸರಿಗೆ ಸೇರಿಸುವ ಹೊತ್ತಿಗೆ ಅದು ಇನ್ನೂ ಬಿಗಿಯಾಗುತ್ತದೆ. ಆಗ ಮೊದಲು ಕೈಗೆ ಬರುವ ಆಯುಧ ನಾಚಿಕೆ. "ಛೀ, ನೋಡು, ಪಾಪು ಥರ ಚೀಪುತ್ತಾನೆ, ಎಲ್ಲರೂ ನಗ್ತಾರೆ." ಎಲ್ಲರೂ ನಗುತ್ತಾರೆ ಎಂಬ ಮಾತು ನಿಜವಿರಬಹುದು. ಆದರೆ ಸಮಾಧಾನ ಬೇಕಾದಾಗ ಸಮಾಧಾನ ಹುಡುಕುವುದು ನಾಚಿಕೆಯ ಸಂಗತಿ ಎಂಬ ಪಾಠವನ್ನು, ಅದರಲ್ಲೂ ಗಂಡುಮಕ್ಕಳಿಗೆ, ಎರಡನೆಯ ವರ್ಷದಲ್ಲೇ ಕಲಿಸಿಬಿಟ್ಟರೆ ಅದನ್ನು ಮರೆಸಲು ಯಾವ ಬೇವೂ ಸಾಲದು.

ಬೇವಿನ ಮಾತು ಬಂತು. ಎದೆಹಾಲು ಬಿಡಿಸಲು ಬೇವಿನ ಸೊಪ್ಪನ್ನು ಅರೆದು ಹಚ್ಚುವ ಪದ್ಧತಿ ನಮ್ಮ ಅಜ್ಜಿಯರಿಂದ ಬಂದದ್ದು. ಈಗ ಅದು ನಿಪ್ಪಲಿಗೂ ದಾಟಿದೆ. ಮುಂದಿನ ಬಸಿರು, ಗದ್ದೆಯ ಕೆಲಸ, ಕಟ್ಟಬೇಕಾದ ಬೀಡಿ, ಇವುಗಳ ನಡುವೆ ಮಗುವನ್ನು ರಮಿಸುತ್ತ ಕೂರಲು ಪುರುಸೊತ್ತಿಲ್ಲದ ಹೆಂಗಸರು ಕಂಡುಕೊಂಡ ದಾರಿ ಅದು. ಅವರ ಮೇಲೆ ತೀರ್ಪು ಕೊಡುವ ಅರ್ಹತೆ ಫ್ಯಾನಿನ ಕೆಳಗೆ ಕೂತು ಬರೆಯುವ ನಮಗಿಲ್ಲ. ಇನ್ನು ಕೆಲವರು ನಿಪ್ಪಲಿನ ತುದಿಯನ್ನು ಕತ್ತರಿಸಿ ಕೊಡುತ್ತಾರೆ, ಚೀಪಿದರೆ ಏನೂ ಸಿಗದೆ ಮಗುವೇ ಎಸೆಯುತ್ತದೆ ಎಂದು. ಹರಿದ ರಬ್ಬರಿನ ಚೂರು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಇದನ್ನಂತೂ ಮಾಡಲೇಬಾರದು. ಅಪಾಯ ಹಾಗಿರಲಿ, ಈ ಎರಡು ಉಪಾಯಗಳ ಒಳಗೂ ಇರುವುದು ಒಂದೇ ತಂತ್ರ. ತೆಗೆಯುವವರು ನಾವಲ್ಲ, ವಸ್ತುವೇ ಕೆಟ್ಟಿತು ಎಂದು ಮಗು ನಂಬಬೇಕು. ಬಾಯಿಂದ ಒಂದು ಸುಳ್ಳೂ ಹೊರಡದ ಸುಳ್ಳು ಇದು.

ಕಾಗೆಯ ಕಥೆಯ ತಿರುಳೂ ಇದೇ. ಅದನ್ನು ನಾವು ಮಗುವಿನ ದುಃಖ ಕಡಿಮೆ ಮಾಡಲು ಹೇಳುತ್ತೇವೆಂದು ಅಂದುಕೊಂಡಿದ್ದೇವೆ. ಆದರೆ ಕಾಗೆ ಕೊಂಡೊಯ್ದಿತು ಎಂದರೂ ಮಗು ಅಳುತ್ತದೆ, ನಾವೇ ತೆಗೆದಿಟ್ಟೆವು ಎಂದರೂ ಅಳುತ್ತದೆ. ವ್ಯತ್ಯಾಸ ಅಳುವಿನಲ್ಲಿಲ್ಲ, ಸಿಟ್ಟಿನಲ್ಲಿದೆ. ಎರಡನೆಯ ಸಂದರ್ಭದಲ್ಲಿ ಅದು ನಮ್ಮ ಮೇಲೆ ಸಿಟ್ಟಾಗುತ್ತದೆ, ಕೈಯೆತ್ತಿ ಹೊಡೆಯುತ್ತದೆ, "ಅಮ್ಮ ಬೇಡ" ಎನ್ನುತ್ತದೆ. ಆ ಒಂದು ಮಾತನ್ನು ಕೇಳಲು ನಮಗೆ ಧೈರ್ಯವಿಲ್ಲ. ಕಾಗೆಯನ್ನು ಕರೆಯುವುದು ಅದಕ್ಕೇ. ಮಗುವಿಗೆ ನೋವಾಗಬಾರದು ಎಂಬುದಕ್ಕಿಂತ, ನೋವು ಕೊಟ್ಟವರು ನಾವೆಂದು ಅದಕ್ಕೆ ತಿಳಿಯಬಾರದು ಎಂಬುದು ನಮ್ಮ ಆತಂಕ. ಅಂದರೆ ಈ ಸುಳ್ಳಿನ ಫಲಾನುಭವಿ ನಾವು. ತನ್ನಿಂದ ಒಂದು ವಸ್ತುವನ್ನು ಕಿತ್ತುಕೊಂಡವರ ಮೇಲೆ ಸಿಟ್ಟಾಗುವುದು ಯಾವುದೇ ಮನುಷ್ಯನಿಗಿರುವ ಕನಿಷ್ಠ ಹಕ್ಕು. ಆ ಸಿಟ್ಟಿಗೆ ತಪ್ಪು ವಿಳಾಸ ಕೊಡುವುದು ಕಿತ್ತುಕೊಂಡದ್ದಕ್ಕಿಂತ ದೊಡ್ಡ ಅನ್ಯಾಯ. (ದೊಡ್ಡವರಿಗೂ ಕಾಗೆಗಳಿವೆ. ರೇಶನ್ ಕಾರ್ಡಿನಿಂದ ಹೆಸರು ಮಾಯವಾದಾಗ ಕಚೇರಿಯಲ್ಲಿ ಸಿಗುವ ಉತ್ತರ ನೆನಪಿಸಿಕೊಳ್ಳಿ: ನಾವೇನೂ ಮಾಡಿಲ್ಲ, ಕಂಪ್ಯೂಟರಿನಲ್ಲಿ ಹೋಗಿದೆ.)

ಪ್ರವಾದಿ ಮುಹಮ್ಮದ್ (ಸ)ರ ಒಂದು ಪ್ರಸಂಗ ಅಬೂ ದಾವೂದ್ ಸಂಗ್ರಹದಲ್ಲಿದೆ. ಅಬ್ದುಲ್ಲಾ ಇಬ್ನ್ ಆಮಿರ್ ಚಿಕ್ಕ ಹುಡುಗ. ಪ್ರವಾದಿ ಅವರ ಮನೆಯಲ್ಲಿದ್ದಾಗ ತಾಯಿ ಆತನನ್ನು, ಬಾ, ಒಂದು ವಸ್ತು ಕೊಡುತ್ತೇನೆ ಎಂದು ಕರೆದರು. ಏನು ಕೊಡಲಿದ್ದೀರಿ ಎಂದು ಪ್ರವಾದಿ ವಿಚಾರಿಸಿದರು. ಖರ್ಜೂರ ಎಂದರು ತಾಯಿ. ಏನನ್ನೂ ಕೊಡದೆ ಇದ್ದಿದ್ದರೆ ಅದು ನಿಮ್ಮ ಮೇಲೆ ಒಂದು ಸುಳ್ಳಾಗಿ ಬರೆಯಲ್ಪಡುತ್ತಿತ್ತು ಎಂಬುದು ಪ್ರವಾದಿಯವರ ಮಾತಿನ ಆಶಯ. ಇಲ್ಲಿ ಮಗುವಿಗೆ ನಷ್ಟವಾಯಿತೇ, ಅದು ಮರೆತುಬಿಟ್ಟಿತೇ ಎಂಬ ವಿಚಾರಣೆಯೇ ಇಲ್ಲ ಎಂಬುದು ಗಮನಾರ್ಹ. ಕೇಳುವವನು ಎಷ್ಟು ಚಿಕ್ಕವನು ಎಂಬುದರಿಂದ ಸುಳ್ಳಿನ ಗಾತ್ರ ಚಿಕ್ಕದಾಗುವುದಿಲ್ಲ.

ಇದಕ್ಕೊಂದು ಬಲವಾದ ಆಕ್ಷೇಪವಿದೆ, ಅದನ್ನು ಜಾರಿಸಿಬಿಡುವುದು ಸರಿಯಲ್ಲ. ಮಕ್ಕಳ ಲೋಕವೇ ಕಲ್ಪನೆಯದು. ಚಂದಮಾಮನನ್ನು ಕರೆದು ಊಟ ಮಾಡಿಸುತ್ತೇವೆ, ಗೊಂಬೆಗೆ ಜ್ವರ ಬರಿಸುತ್ತೇವೆ. ಇವೆಲ್ಲವೂ ಸುಳ್ಳಾದರೆ ಬಾಲ್ಯದಲ್ಲಿ ಉಳಿಯುವುದೇನು? ಸತ್ಯದ ಹೆಸರಿನಲ್ಲಿ ಮಗುವಿಗೆ ದವಡೆಯ ಮೂಳೆಯ ಬೆಳವಣಿಗೆಯ ಮೇಲೆ ಭಾಷಣ ಮಾಡಬೇಕೇ?

ಬೇಡ. ಆದರೆ ಆಟಕ್ಕೂ ಸುಳ್ಳಿಗೂ ವ್ಯತ್ಯಾಸವಿದೆ, ಅದನ್ನು ಡೆನ್ಮಾರ್ಕಿನವರು ಚೆನ್ನಾಗಿ ಅರಿತಂತಿದೆ. ಆ ದೇಶದ ಎಷ್ಟೋ ಊರುಗಳಲ್ಲಿ ನಿಪ್ಪಲ್ ಮರಗಳಿವೆ. ಕೋಪನ್‌ಹೇಗನ್ನಿನ ಫ್ರೆಡರಿಕ್ಸ್‌ಬರ್ಗ್ ಉದ್ಯಾನದಲ್ಲಿರುವುದು ಅವುಗಳಲ್ಲಿ ಪ್ರಸಿದ್ಧ. ಕೊಂಬೆಕೊಂಬೆಗೂ ಬಣ್ಣಬಣ್ಣದ ರಿಬ್ಬನ್ನಿನಲ್ಲಿ ನಿಪ್ಪಲುಗಳು ನೇತಾಡುತ್ತವೆ. ಕೆಲವುದರ ಜೊತೆ, ಇಷ್ಟು ದಿನ ಜೊತೆಗಿದ್ದದ್ದಕ್ಕೆ ಥ್ಯಾಂಕ್ಸ್ ಎಂಬರ್ಥದ ಚೀಟಿಗಳೂ ಇರುತ್ತವೆ. ಬಿಡುವ ದಿನ ಅಪ್ಪ ಅಮ್ಮ ಮಗುವನ್ನು ಅಲ್ಲಿಗೆ ಕರೆತರುತ್ತಾರೆ, ಮಗು ತನ್ನದನ್ನು ಮರಕ್ಕೆ ಕಟ್ಟುತ್ತದೆ. ಮರ ನಿಪ್ಪಲ್ ಕೇಳುತ್ತದೆ ಎಂಬುದು ಕಟ್ಟುಕಥೆಯೇ. ಆದರೆ ವಸ್ತು ಎಲ್ಲಿದೆ ಎಂಬುದು ಮಗುವಿಗೆ ಗೊತ್ತು. ಕಟ್ಟುವುದನ್ನು ಅದು ಕಣ್ಣಾರೆ ಕಂಡಿದೆ. ಮುಂದಿನ ವಾರ ಬಂದು ನೋಡಬಹುದು, ಅಲ್ಲಿ ನಿಂತು ಅಳಬಹುದು. ತನ್ನಂತೆ ಬಿಟ್ಟುಕೊಟ್ಟ ಮಕ್ಕಳು ನೂರಾರು ಎಂಬುದೂ ಮೇಲೆ ತೂಗಾಡುತ್ತಿದೆ. ಆಟದಲ್ಲಿ ಮಗು ಒಳಗಿನ ಆಳು. ಸುಳ್ಳಿನಲ್ಲಿ ಅದನ್ನು ಹೊರಗೆ ನಿಲ್ಲಿಸಿ ನಾವು ಒಳಗೆ ನಗುತ್ತೇವೆ. ಚಂದಮಾಮನನ್ನು ಕರೆಯುವಾಗ ಮಗುವೂ ಕರೆಯುತ್ತದೆ. ಗುಮ್ಮನನ್ನು ಕರೆಯುವಾಗ ಕರೆಯುವವರು ನಾವು ಮಾತ್ರ, ಹೆದರುವುದು ಅದು ಮಾತ್ರ. ಪುರಂದರದಾಸರ ಬಾಲಕೃಷ್ಣನೂ ಗುಮ್ಮನ ಹೆಸರಿಗೆ ಬೆದರಿ ತಾಯಿಯನ್ನು ಅಂಗಲಾಚುತ್ತಾನಲ್ಲ!

ಚೀಪುವ ವಸ್ತು, ಮಾಸಿದ ಕಂಬಳಿಯ ತುಂಡು, ಕಿವಿ ಹರಿದ ಗೊಂಬೆ, ಇಂಥವುಗಳ ಬಗ್ಗೆ ಗಂಭೀರವಾಗಿ ಯೋಚಿಸಿದವರು ಇಂಗ್ಲೆಂಡಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್. 1951ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಇವನ್ನು ತಾಯಿಗೂ ಹೊರಲೋಕಕ್ಕೂ ನಡುವಿನ ದಾಟುವೆಡೆಯ ವಸ್ತುಗಳೆಂದು ಗುರುತಿಸಿದರು. ತಾಯಿ ಬೇರೆ, ತಾನು ಬೇರೆ ಎಂದು ಮಗು ಅರಿಯತೊಡಗುವ ಕಷ್ಟಕಾಲದಲ್ಲಿ ಅದರ ಕೈಗೆ ಸಿಗುವ ಮೊದಲ ಆಸರೆ ಇವು. ಇಂಥ ವಸ್ತುವಿನ ಸಹಜ ಗತಿ ಏನೆಂಬುದರ ಬಗ್ಗೆ ವಿನಿಕಾಟ್ ಹೇಳಿದ್ದು ಬಹಳ ಸುಂದರವಾಗಿದೆ. ಮಗು ಅದನ್ನು ಮರೆತುಬಿಡುವುದಿಲ್ಲ, ಅದಕ್ಕಾಗಿ ಶೋಕಿಸುವುದೂ ಇಲ್ಲ. ಮೆಲ್ಲಗೆ ಅದರ ಅರ್ಥ ಬರಿದಾಗುತ್ತದೆ, ಏಕೆಂದರೆ ಆ ಅರ್ಥ ಆಟಕ್ಕೆ, ಗೆಳೆಯರಿಗೆ, ಹಾಡಿಗೆ, ಕತೆಗೆ ಹಂಚಿಹೋಗಿರುತ್ತದೆ. ಹಾಗಾದರೆ ನಿಪ್ಪಲ್ ಬಿಡಿಸುವವರ ಅರ್ಧ ಕೆಲಸ ತೆಗೆಯುವುದಲ್ಲ, ತುಂಬುವುದು. ಹಗಲಿನಲ್ಲಿ ಆಡಲು ಜೊತೆಯಿಲ್ಲದ, ರಾತ್ರಿಯಲ್ಲಿ ಕತೆ ಹೇಳುವವರಿಲ್ಲದ ಮಗುವಿನಿಂದ ಅದನ್ನು ಕಿತ್ತರೆ ಅದು ಹೆಬ್ಬೆರಳಿಗೆ ಹೋಗುತ್ತದೆ. ಹೆಬ್ಬೆರಳನ್ನು ಯಾವ ಕಾಗೆಯೂ ಕೊಂಡೊಯ್ಯಲಾರದು.

ಈ ವಿಷಯದಲ್ಲಿ ದೊಡ್ಡವರ ಚಾಳಿಯನ್ನೂ ಸ್ವಲ್ಪ ನೋಡಿ. ಮನೆಯ ಯಜಮಾನರಿಗೆ ವೈದ್ಯರು ಬೀಡಿ ಬಿಡಿ ಎಂದು ಹೇಳಿ ಇಪ್ಪತ್ತು ವರ್ಷವಾಗಿರುತ್ತದೆ. ಅವರಿಗೆ ರಮಝಾನಿನ ಹಗಲಿನಲ್ಲಿ ಬಿಡಲು ಸಾಧ್ಯ, ಇಫ್ತಾರಿನ ನಂತರ ಸಾಧ್ಯವಿಲ್ಲ. ಅಜ್ಜಿಯ ಎಲೆಅಡಿಕೆಯ ಚೀಲವನ್ನು ಯಾರೂ ಮುಟ್ಟುವಂತಿಲ್ಲ. ಅವರಿಗೆ ನಾವು ತಿಳಿಹೇಳುತ್ತೇವೆ, ಕಾಯುತ್ತೇವೆ, ಒಮ್ಮೆ ಬಿಟ್ಟು ಮತ್ತೆ ಹಿಡಿದರೆ ಪಾಪ ಅನ್ನುತ್ತೇವೆ. ಅರುವತ್ತು ವರ್ಷದ, ಬುದ್ಧಿ ಬಲಿತ ಮನುಷ್ಯನಿಗೆ ಇಷ್ಟೊಂದು ಕಾಲಾವಕಾಶ. ಎರಡು ವರ್ಷದ ಕೂಸಿಗೆ ಒಂದು ರಾತ್ರಿ.

ಬುರ್ದಾ ಕಾವ್ಯ ನಮ್ಮ ಕರಾವಳಿಯ ಮಜ್ಲಿಸುಗಳಲ್ಲಿ ಇಂದಿಗೂ ಹಾಡಲ್ಪಡುತ್ತದೆ. 13ನೇ ಶತಮಾನದಲ್ಲಿ ಅದನ್ನು ರಚಿಸಿದ ಇಮಾಮ್ ಬೂಸೀರಿ ಮನುಷ್ಯನ 'ನಫ್ಸ್' ಅಂದರೆ ಆಸೆಬುರುಕ ಮನಸ್ಸನ್ನು ಮೊಲೆಯುಣ್ಣುವ ಶಿಶುವಿಗೆ ಹೋಲಿಸಿದ್ದಾರೆ. ಬಿಡಿಸದೆ ಹೋದರೆ ಅದು ಹಾಗೆಯೇ ಬೆಳೆಯುತ್ತದೆ ಎಂದು. ಈ ಹೋಲಿಕೆಯನ್ನು ಕೆಲವರು ತಿರುಗಿಸಿ ಓದುವುದನ್ನು ನಾವು ಕೇಳಿದ್ದೇವೆ. ಮಗುವೇ ನಫ್ಸ್ ಎಂಬಂತೆ, ಅದರ ಹಟವನ್ನು ಮುರಿಯುವುದೇ ತರಬೇತಿ ಎಂಬಂತೆ ಅವರು ಮಾತನಾಡುತ್ತಾರೆ. ಕವಿ ಬೈದದ್ದು ದೊಡ್ಡವರನ್ನು. ಶಿಶುವಿಗೆ ಹಾಲು ಸಹಜ, ಹಾಲು ಬಿಡುವುದೂ ಸಹಜ. ಶಿಶುವಿನಂತೆ ಹಟ ಮಾಡುವ ಗಡ್ಡ ನೆರೆತವನದ್ದು ಅಸಹಜ. ಈ ಪದ್ಯವನ್ನು ತೊಟ್ಟಿಲ ಬಳಿ ಓದುವ ಬದಲು ಬೀಡಿಕಟ್ಟಿನ ಬಳಿ ಓದುವುದು ಹೆಚ್ಚು ಸೂಕ್ತ.

ಇಂದು ಬೀಡಿಕಟ್ಟಿಗಿಂತ ಹತ್ತಿರದಲ್ಲಿ ಇನ್ನೊಂದು ವಸ್ತುವಿದೆ. ನಿಪ್ಪಲ್ ತೆಗೆದ ಕೈಯೇ ಮಗುವಿಗೆ ಮೊಬೈಲ್ ಕೊಡುತ್ತದೆ. ಮಗು ತಕ್ಷಣ ಸುಮ್ಮನಾಗುತ್ತದೆ, ನಿಪ್ಪಲ್ ಬಿಡಿಸಿದ್ದು ಎಷ್ಟು ಸುಲಭವಾಯಿತು ಎಂದು ಮನೆಯವರು ಸಂತೋಷಪಡುತ್ತಾರೆ. ಅರಬರ ಆ ಪದ, ಲಹ್ಹಾಯ, ಈ ಹೊಸ ವಸ್ತುವಿಗೆ ಎಷ್ಟು ಸರಿಯಾಗಿ ಹೊಂದುತ್ತದೆ! ಒಂದು ವರ್ಷದ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ರಬ್ಬರಿನ ನಿಪ್ಪಲ್ ಬಾಯಿಯನ್ನು ಮಾತ್ರ ಮುಚ್ಚುತ್ತಿತ್ತು. ಕಣ್ಣು, ಕಿವಿ, ಕೈಗಳು ಲೋಕಕ್ಕೆ ತೆರೆದೇ ಇದ್ದವು. ಅದನ್ನು ಬಿಡಿಸಲು ಇದನ್ನು ಕೊಡುವುದಾದರೆ, ಹಲ್ಲು ಸೊಟ್ಟಗಾದರೂ ಚಿಂತೆಯಿಲ್ಲ, ನಿಪ್ಪಲೇ ಇರಲಿ ಎಂದು ನಾವು ಹೇಳುತ್ತೇವೆ.

ಹಾಗಾದರೆ ಹೇಗೆ ಬಿಡಿಸಬೇಕು? ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 233ನೇ ಸೂಕ್ತದಲ್ಲಿ ಎದೆಹಾಲಿಗೆ ಸಂಬಂಧಿಸಿದಂತೆ ಒಂದು ಮಾತು ಬರುತ್ತದೆ. ಎರಡು ವರ್ಷದ ಅವಧಿಯನ್ನು ಹೇಳಿದ ಮೇಲೆ, ಅದಕ್ಕೂ ಮುಂಚೆ ಬಿಡಿಸುವುದಾದರೆ ತಂದೆ ತಾಯಿ ಇಬ್ಬರೂ ಒಪ್ಪಿ, ಪರಸ್ಪರ ಸಮಾಲೋಚಿಸಿ ಮಾಡಬೇಕೆಂಬುದು ಅದರ ತಾತ್ಪರ್ಯ. ಅಡುಗೆಮನೆಯ ಹೆಂಗಸರ ವಿಷಯ ಎಂದು ಗಂಡಸರು ತಳ್ಳಿಹಾಕುವ ಒಂದು ಸಂಗತಿಯನ್ನು ಆ ಸೂಕ್ತ ಇಬ್ಬರ ನಡುವೆ ಚರ್ಚೆಗಿಡುತ್ತದೆ. ನಿಪ್ಪಲ್ ಎದೆಹಾಲಲ್ಲ, ನಿಜ. ಆದರೆ ಬಿಡಿಸುವ ತೀರ್ಮಾನ ಒಬ್ಬರ ತಲೆಗೆ ಬಿದ್ದಾಗಲೇ ಕಾಗೆ, ಬೇವು, ಕತ್ತರಿಗಳು ಹೊರಬರುತ್ತವೆ ಎಂಬುದು ನಾವು ಕಂಡಿರುವ ಸತ್ಯ. ಹಗಲಿಡೀ ದುಡಿದ ಒಬ್ಬಳೇ ಹೆಂಗಸು ರಾತ್ರಿ ಮೂರು ಗಂಟೆಗೆ ಸತ್ಯವಂತಳಾಗಿ ಉಳಿಯುವುದು ಸುಲಭದ ಮಾತಲ್ಲ.

ಸಮಾಲೋಚನೆಯ ವಿಷಯದಲ್ಲಿ ದೊಡ್ಡ ಸಂಸ್ಥೆಗಳೂ ಪಾಠ ಕಲಿತಿವೆ. ಎದೆಹಾಲು ಉಣ್ಣುವ ಶಿಶುಗಳಿಗೆ ನಿಪ್ಪಲ್ ಕೊಡಲೇಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೆರಿಗೆ ಆಸ್ಪತ್ರೆಗಳಿಗೆ 1989ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲಿ ಒಂಬತ್ತನೆಯದಾಗಿತ್ತು. 2018ರಲ್ಲಿ ಅದನ್ನು ತಿದ್ದಿದರು. ಬಾಟಲಿ, ನಿಪ್ಪಲುಗಳ ಬಳಕೆ ಮತ್ತು ಅಪಾಯಗಳ ಬಗ್ಗೆ ತಾಯಂದಿರಿಗೆ ತಿಳಿಹೇಳಿ ಎಂದಾಯಿತು. ಕೊಡಬೇಡಿ ಎಂಬಲ್ಲಿಂದ ತಿಳಿಹೇಳಿ ಎಂಬಲ್ಲಿಗೆ ಬರಲು 29 ವರ್ಷ ಬೇಕಾಯಿತು. ತಾಯಂದಿರಿಗೆ ಸಂದ ಈ ಮರ್ಯಾದೆಯ ಒಂದು ಪಾಲು ಮಗುವಿಗೂ ಸಲ್ಲಬಾರದೇಕೆ?

ಎರಡು ವರ್ಷದ ಮಗುವಿಗೆ ತಿಳಿಹೇಳುವುದೆಂದರೆ ಹೆಚ್ಚೇನೂ ಇಲ್ಲ. ಮೊದಲು ಹಗಲಿನಲ್ಲಿ ನಿಪ್ಪಲ್ ಹಾಸಿಗೆಯ ಬಳಿಯೇ ಇರುತ್ತದೆ ಎಂದು ಹೇಳಿ ಹಾಗೇ ಇಡುವುದು. ಕೆಲವು ವಾರ ಅದು ನಿದ್ದೆಗೆ ಮಾತ್ರ. ಆಮೇಲೆ ಒಂದು ದಿನ, ನಾಳೆಯಿಂದ ರಾತ್ರಿಯೂ ಇಲ್ಲ ಎಂದು ಮುಂಚಿತವಾಗಿ ತಿಳಿಸುವುದು. ಬೇಕಿದ್ದರೆ ಡಬ್ಬಿಯೊಂದರಲ್ಲಿ ಅದರ ಕೈಯಿಂದಲೇ ಹಾಕಿಸಿ, ಆ ಡಬ್ಬಿ ಎಲ್ಲಿದೆ ಎಂದು ತೋರಿಸಿಡುವುದು. ಮನೆಗೆ ಹೊಸ ಕೂಸು ಬಂದ ವಾರ, ಜ್ವರದ ವಾರ, ಮನೆ ಬದಲಾಯಿಸಿದ ವಾರ ಇದಕ್ಕೆ ಕೈಹಾಕದಿರುವುದು. ಮೊದಲ ಕೆಲವು ರಾತ್ರಿಗಳು ಕಷ್ಟದವು, ಅದರಲ್ಲಿ ಮುಚ್ಚುಮರೆಯಿಲ್ಲ. "ಎಲ್ಲಿ?" ಎಂದು ಕೇಳಿದರೆ, "ನಾನೇ ಎತ್ತಿಟ್ಟಿದ್ದೇನೆ ಚಿನ್ನಾ, ಇನ್ನು ಕೊಡುವುದಿಲ್ಲ, ನಿನಗೆ ಸಿಟ್ಟು ಬಂದಿದೆ ಅಂತ ಗೊತ್ತು" ಎಂದು ಹೇಳಿ ಅಲ್ಲೇ ಕೂರಬೇಕು. ಹೊಡೆದರೆ ಕೈ ಹಿಡಿದುಕೊಳ್ಳಬೇಕು, ಬೈಯಬಾರದು. ಕಾಗೆಯ ಕಥೆ ಹೇಳಿದವರಿಗೆ ಈ ಕೂರುವ ಕೆಲಸ ಇರುವುದಿಲ್ಲ.

ಆ ರಾತ್ರಿಗಳನ್ನು ಇಬ್ಬರೂ ಹಂಚಿಕೊಳ್ಳುವುದು ಸಾಧ್ಯವಿದ್ದರೆ ಹಂಚಿಕೊಳ್ಳಲಿ. ಮರುದಿನ ಅಂಗಡಿ ತೆರೆಯಬೇಕೆಂಬ ನೆವ ಮೂರು ದಿನದ ಮಟ್ಟಿಗೆ ಬದಿಗಿರಲಿ. ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ತಂದೆ ವಿಡಿಯೊ ಕರೆಯಲ್ಲಿ, "ಇನ್ನೂ ಬಿಡಿಸಲಿಲ್ಲವಾ?" ಎಂದು ಕೇಳುವ ಬದಲು, ರಜೆಯಲ್ಲಿ ಊರಿಗೆ ಬರುವ ತಿಂಗಳಿಗೆ ಆ ಕೆಲಸವನ್ನು ಕಾದಿರಿಸಬಹುದು. ಎರಡು ತಿಂಗಳು ತಡವಾದರೆ ಹಲ್ಲಿಗೇನೂ ಆಗುವುದಿಲ್ಲ. ಸೂಟ್‌ಕೇಸಿನಲ್ಲಿ ನಿಪ್ಪಲ್ ತಂದವರು ಅವರೇ ತಾನೇ.